ದೊಡ್ಡಸೊಸೆಗೆ ಕುತ್ತಿಗೆ ಇಲ್ಲ

ಮೊನ್ನೆ ತರಕಾರಿ ಗಾಡಿಯವನು ಹುರುಳಿಕಾಯಿ ತೂಗುತ್ತಾ, "ಅಮ್ಮಾ, ತಲೇಲಿ ಪೆನ್ಸಿಲ್ ಐತೆ" ಅಂದ. ಕೈಯಿಟ್ಟು ನೋಡಿದರೆ ಹೌದು, ತುರುಬಿಗೆ ಅಡ್ಡಲಾಗಿ ಒಂದು ಪೆನ್ಸಿಲ್. ಬೆಳಿಗ್ಗೆ ದೇವರ ಮನೆ ಒರೆಸಿ, ಸ್ತೋತ್ರ ಹೇಳಿ, ಎದುರುಮನೆಯವರ ಹತ್ತಿರ ನೀರು ಬಾರದ ವಿಷಯ ಮಾತಾಡಿ, ಗೇಟಿನ ತನಕ ಬಂದಿದ್ದೇನೆ. ಅಷ್ಟು ಹೊತ್ತೂ ಅದು ಅಲ್ಲೇ ಇತ್ತು. ನಮ್ಮ ಯಜಮಾನರ ಕಣ್ಣಿಗೆ ಬಿದ್ದಿಲ್ಲ. ಮೂವತ್ತೊಂದು ವರ್ಷದಿಂದ ನೋಡುತ್ತಿರುವ ತಲೆ, ಅದರಲ್ಲಿ ಹೊಸದೇನಿರುತ್ತದೆ ಎಂದುಕೊಂಡಿರಬೇಕು. ಹೋಗಲಿ, ಚೂಪು ಮಾಡದ ಪೆನ್ಸಿಲ್ಲಾಗಿತ್ತು. ದೇವರು ದೊಡ್ಡವನು.

ಐವತ್ತಾರು ವರ್ಷದ ಹೆಂಗಸಿನ ತುರುಬಿಗೆ ಹೂವಿನ ಬದಲು ಪೆನ್ಸಿಲ್ ಯಾಕೆ ಬಂತು ಎಂದು ನೀವು ಕೇಳುತ್ತೀರಿ. ಹೇಳುತ್ತೇನೆ. ನಾನು ಅಭಿಮಾನಿ ಚಿತ್ರಗಾರ್ತಿ. ಅಂದರೆ ಸಂಜೆ ಏಳೂವರೆಗೆ ಬರುವ ಒಂದು ಧಾರಾವಾಹಿಯ ನಾಯಕಿಯನ್ನು ಮತ್ತೆ ಮತ್ತೆ ಹಾಳೆಯ ಮೇಲೆ ಬರೆಯುವವಳು. ಧಾರಾವಾಹಿಯ ಹೆಸರು ಹೇಳುವುದಿಲ್ಲ. ನಾನು ಹೇಳದಿದ್ದರೂ ಅದು ನಿಲ್ಲುವ ಲಕ್ಷಣ ಇಲ್ಲ. ಅದರಲ್ಲಿ ಒಬ್ಬಳು ದೊಡ್ಡಸೊಸೆ. ತಾಳ್ಮೆಯ ಮೂರ್ತಿ. ಕಳೆದ ಯುಗಾದಿಯಿಂದ ಮಹಡಿ ಮೆಟ್ಟಿಲಿಂದ ಬೀಳುತ್ತಿದ್ದಾಳೆ, ಇನ್ನೂ ಕೆಳಗೆ ತಲುಪಿಲ್ಲ. ಅವಳು ಅತ್ತರೆ ನನಗೆ ಅಳು, ಅವಳು ಉಪವಾಸವಿದ್ದರೆ ನನಗೆ ಅನ್ನ ಸೇರದು. ಸುಳ್ಳು ಹೇಳಬಾರದು, ಅನ್ನ ಸೇರುತ್ತದೆ, ಆದರೆ ಮಜ್ಜಿಗೆ ಅನ್ನಕ್ಕೆ ಉಪ್ಪಿನಕಾಯಿ ಹಾಕಿಕೊಳ್ಳುವುದು ಮರೆತುಹೋಗುತ್ತದೆ.

ಈ ಹುಚ್ಚಿಗೆ ನನ್ನನ್ನು ಎಳೆದವರು ಶಕುಂತಲಾ. ಜಯನಗರದಲ್ಲಿ ನಮ್ಮ ಮನೆಯಿಂದ ಎರಡನೆಯ ಮನೆ ಅವರದು. ಹೈಸ್ಕೂಲಿನಲ್ಲಿ ಲೆಕ್ಕದ ಟೀಚರಾಗಿ ನಿವೃತ್ತರಾದವರು. ನಿವೃತ್ತಿಯಾದ ಮೇಲೆ ಕೈ ಸುಮ್ಮನಿರದೆ ದೊಡ್ಡಸೊಸೆಯನ್ನು ಬರೆಯತೊಡಗಿದರು, ಒಂಟಿಯಾಗಿ ಹುಚ್ಚಾಗುವುದಕ್ಕೆ ಸಂಕೋಚವಾಗಿ ನನ್ನನ್ನೂ ಸೇರಿಸಿಕೊಂಡರು. ಫೋನಿನಲ್ಲಿ ಒಂದು ಬಳಗವಿದೆ, ನಲವತ್ತು ಚಿಲ್ಲರೆ ಜನ. ಶುಕ್ರವಾರ ಶುಕ್ರವಾರ ಅವರವರು ಬರೆದ ದೊಡ್ಡಸೊಸೆಯನ್ನು ಅಲ್ಲಿ ಹಾಕಬೇಕು. ಉಳಿದವರು ಅಭಿಪ್ರಾಯ ಹೇಳಬೇಕು.

ಅಭಿಪ್ರಾಯ ಎಂದರೆ ಏನೆಂದು ನಿಮಗೆ ಗೊತ್ತಲ್ಲ. "ಸೂಪರ್ ಅಕ್ಕ." ಆಮೇಲೆ ಎರಡು ಗುಲಾಬಿ, ಒಂದು ಜೋಡಿಸಿದ ಕೈ. ನಾನು ಅವರಿಗೆ ಎರಡು ಗುಲಾಬಿ ಹಾಕಿದರೆ ಅವರು ನನಗೆ ಎರಡು ಹಾಕುತ್ತಾರೆ. ನನಗೆ ಇದು ನಮ್ಮ ಕಡೆ ತಾಂಬೂಲದಲ್ಲಿ ಕೊಡುವ ರವಿಕೆ ಕಣದ ಹಾಗೆ ಕಾಣುತ್ತದೆ. ಕೊಟ್ಟ ಕಣವನ್ನು ಯಾರೂ ಹೊಲಿಸುವುದಿಲ್ಲ, ಬಿಚ್ಚಿ ಕೂಡ ನೋಡುವುದಿಲ್ಲ, ಮುಂದಿನ ಮನೆಯವರಿಗೆ ದಾಟಿಸುತ್ತಾರೆ. ಒಮ್ಮೆ ನಾನೇ ಕೊಟ್ಟ ಪಾಚಿಬಣ್ಣದ ಕಣ ಎಷ್ಟೋ ಮನೆ ಸುತ್ತಿ ಗೌರಿಹಬ್ಬದ ದಿನ ನನ್ನ ಮಡಿಲಿಗೇ ಬಂದು ಬಿತ್ತು. ಮೂಲೆಯಲ್ಲಿ ನನ್ನ ಹೆಬ್ಬೆರಳಿನ ಅರಿಶಿನದ ಕಲೆ ಹಾಗೇ ಇತ್ತು. ಬಳಗದ "ಸೂಪರ್ ಅಕ್ಕ" ಕೂಡ ಅಂಥದ್ದೇ. ಆದರೂ ಬಂದಾಗ ಖುಷಿಯಾಗುತ್ತದೆ. ಸುಳ್ಳೆಂದು ಗೊತ್ತಿದ್ದೂ ಫೋನನ್ನು ಸೆರಗಿನಲ್ಲಿ ಒರೆಸಿ ಇನ್ನೊಮ್ಮೆ ನೋಡುತ್ತೇನೆ.

ಬಿಳೇಕಹಳ್ಳಿಯ ಒಬ್ಬ ಹಿರಿಯರು ಮಾತ್ರ ಗುಲಾಬಿ ಹಾಕುವುದಿಲ್ಲ. ಅವರು ಚಿತ್ರವನ್ನೂ ಬರೆಯುವುದಿಲ್ಲ. "ನನಗೆ ಕಲೆಯ ಬಗ್ಗೆ ಏನೂ ಗೊತ್ತಿಲ್ಲ, ಆದರೂ" ಎಂದು ಆರಂಭಿಸಿ ಫೋನಿನ ಪರದೆ ಎರಡು ಸಲ ಮೇಲಕ್ಕೆ ಜಾರಿಸಿದರೂ ಮುಗಿಯದಷ್ಟು ಬರೆಯುತ್ತಾರೆ. ಕೊನೆಗೆ ಎಲ್ಲರಿಗೂ ಒಂದೇ ತೀರ್ಪು: "ಇನ್ನೂ ಆಳ ಬೇಕು." ನಾನು ಹೊಸಬಳು, ಭಯಭಕ್ತಿ ಇತ್ತು. ಮುಂದಿನ ವಾರ ಪೆನ್ಸಿಲನ್ನು ಚೆನ್ನಾಗಿ ಒತ್ತಿ ಬರೆದೆ. ದೊಡ್ಡಸೊಸೆಯ ಕೆನ್ನೆಯಲ್ಲಿ ಹಾಳೆ ತೂತಾಯಿತು. ಅದಕ್ಕಿಂತ ಆಳ ನನಗೆ ಬರುವುದಿಲ್ಲ ಎಂದು ಕೈಬಿಟ್ಟೆ.

ನಾನು ಚಿತ್ರ ಕಲಿತದ್ದು ಯಾವ ಶಾಲೆಯಲ್ಲೂ ಅಲ್ಲ. ಶಾಲೆಯ ಡ್ರಾಯಿಂಗ್ ಮೇಷ್ಟ್ರು ವರ್ಷವಿಡೀ ಮಾವಿನಹಣ್ಣು ಬರೆಸಿದರು. ಬರೆದವರಿಗೂ ಹತ್ತಕ್ಕೆ ಆರು, ಬರೆಯದವರಿಗೂ ಹತ್ತಕ್ಕೆ ಆರು. ನಾನು ಕಲಿತದ್ದು ಬಸವನಗುಡಿಯ ವಠಾರದಲ್ಲಿ, ವರಮಹಾಲಕ್ಷ್ಮಿ ಹಬ್ಬದಲ್ಲಿ. ಆಗ ಈಗಿನ ಹಾಗೆ ಎಲ್ಲರ ಮನೆಯಲ್ಲೂ ಬೆಳ್ಳಿಯ ಮುಖವಾಡ ಎಲ್ಲಿತ್ತು? ಕಲಶದ ಮೇಲಿನ ತೆಂಗಿನಕಾಯಿಗೆ ಅರಿಶಿನ ಕಲಸಿ ಬಳಿದು, ಮೂಗು ತಿದ್ದಿ, ಕಾಡಿಗೆಯಲ್ಲಿ ಕಣ್ಣು ಬರೆದು, ಕುಂಕುಮದಲ್ಲಿ ತುಟಿ ಬರೆದರೆ ಅದೇ ಮಹಾಲಕ್ಷ್ಮಿ. ಹತ್ತು ವರ್ಷದವಳಿದ್ದಾಗಲೇ ನನ್ನ ಕೈ ಆಗಿಬಂದಿದೆ ಎಂದು ವಠಾರದ ಎಂಟು ಮನೆಯವರೂ ಹಿಂದಿನ ದಿನ ಕಾಯಿ ಹಿಡಿದುಕೊಂಡು ಬರುತ್ತಿದ್ದರು. ಮನೆಗೊಂದು ಚಕ್ಕುಲಿ ಸಿಗುತ್ತಿತ್ತು. ಆ ಕಾಲದಲ್ಲಿ ನನ್ನ ವಿಮರ್ಶಕಿ ಎಂದರೆ ಅಜ್ಜಿ ಒಬ್ಬಳೇ. ಒಂದು ವರ್ಷ ಕಾಯಿಯನ್ನು ಅತ್ತ ಇತ್ತ ತಿರುಗಿಸಿ, "ಏನೇ ಇದು, ಲಕ್ಷ್ಮಿ ಹೊಟ್ಟೆನೋವು ಬಂದೋಳ ಥರ ಕೂತಿದಾಳೆ. ಅಳಿಸು, ಅಳಿಸು" ಅಂದಳು. ಅಳಿಸಿದೆ. ಅತ್ತೆ. ಮತ್ತೆ ಬರೆದೆ. ಎರಡನೆಯ ಸಲ ಲಕ್ಷ್ಮಿಯ ಹೊಟ್ಟೆನೋವು ವಾಸಿಯಾಗಿತ್ತು.

ಈಗಲೂ ನಾನು ಬರೆಯುವ ಕ್ರಮ ಅದೇ. ಹಾಳೆಯ ತಲೆಯಲ್ಲಿ ಶ್ರೀ ಬರೆಯದೆ ಗೆರೆ ಎಳೆಯುವುದಿಲ್ಲ. ಕಣ್ಣನ್ನು ಕೊನೆಗೆ ತೆರೆಸುತ್ತೇನೆ, ಅದೂ ದೀಪ ಹಚ್ಚಿದ ಮೇಲೆ. ಧಾರಾವಾಹಿಯ ದುಷ್ಟ ನಾದಿನಿಗೂ ದೀಪ ಹಚ್ಚಿಯೇ ಕಣ್ಣು ಬರೆದಿದ್ದೇನೆ. ಅವಳು ಮೆಟ್ಟಿಲಿಗೆ ಎಣ್ಣೆ ಸುರಿಯುವ ದೃಶ್ಯ ಬರೆದರೆ, ವರ ಕೊಡುವುದಕ್ಕೆ ನಿಂತವಳ ಹಾಗೆ ಕಾಣುತ್ತಾಳೆ. ಇನ್ನು ಕೈ ಬರೆಯುವುದು ನನಗೆ ಬರುವುದೇ ಇಲ್ಲ. ಅದಕ್ಕೆ ನನ್ನ ದೊಡ್ಡಸೊಸೆ ಯಾವಾಗಲೂ ಸೆರಗಿನೊಳಗೆ ಕೈ ಸೇರಿಸಿಕೊಂಡು ಚಳಿಯಾದವಳಂತೆ ನಿಂತಿರುತ್ತಾಳೆ. ಯಜಮಾನರು ಮೊದಲ ಚಿತ್ರ ನೋಡಿ ಕನ್ನಡಕ ಏರಿಸಿ ಕೇಳಿದ್ದು ಒಂದೇ ಪ್ರಶ್ನೆ: "ಯಾರಿದು, ನಿಮ್ಮಣ್ಣನಾ?"

ಇರಲಿ. ಈ ಫೆಬ್ರವರಿಯಲ್ಲಿ ಬಳಗದವರೆಲ್ಲ ಮುಖಾಮುಖಿ ಸೇರೋಣ ಎಂದಾಯಿತು. ಜೆ.ಪಿ. ನಗರದ ಒಂದು ಪಾರ್ಕಿನಲ್ಲಿ, ಭಾನುವಾರ. ಎಲ್ಲರೂ ಚಿತ್ರ ತರಬೇಕು, ಜೊತೆಗೆ ಏನಾದರೂ ತಿನ್ನುವುದಕ್ಕೆ ತರಬೇಕು. ನಾನು ಕೋಡುಬಳೆ ಮಾಡಿಕೊಂಡು ಹೋದೆ. ನನ್ನ ಚಿತ್ರಗಳಿಗಿಂತ ಅದರ ಮೇಲೆ ನನಗೆ ನಂಬಿಕೆ ಹೆಚ್ಚು. ನಲವತ್ತು ಜನರಲ್ಲಿ ಒಂಬತ್ತು ಜನ ಬಂದಿದ್ದರು. ಅದರಲ್ಲಿ ಬಿ.ಟಿ.ಎಂ. ಲೇಔಟಿನಿಂದ ಬಂದ ರೇಣುಕಾ ಎಂಬ ಹುಡುಗಿಯೂ ಇದ್ದಳು. ಧಾರವಾಡದ ಕಡೆಯವಳು, ಯಾವುದೋ ಆಫೀಸಿನಲ್ಲಿ ಕೆಲಸ. ಕೋಡುಬಳೆ ಕಡಿಯುತ್ತಾ ನನ್ನ ಇಡೀ ಪುಸ್ತಕ ಒಂದೊಂದೇ ಹಾಳೆ ತಿರುವಿದಳು. ನಾನು ಗುಲಾಬಿಗೆ ಕಾಯುತ್ತಿದ್ದೆ.

"ಅಕ್ಕಾರ, ಸಿಟ್ಟ್ ಮಾಡ್ಕೋಬ್ಯಾಡ್ರಿ. ಒಂದ್ ಮಾತ್ ಹೇಳ್ಲೇನ್ರಿ?"

"ಹೇಳಮ್ಮ, ಅದಕ್ಕೇನಂತೆ" ಅಂದೆ. ಸಿಟ್ಟು ಮಾಡಿಕೊಳ್ಳಬೇಡಿ ಎಂದವರು ಒಳ್ಳೆಯ ಮಾತು ಹೇಳಿದ ಉದಾಹರಣೆ ನನ್ನ ಜೀವನದಲ್ಲಿ ಇಲ್ಲ.

"ನಿಮ್ಮ ದೊಡ್ಡಸೊಸಿಗೆ ಕುತ್ತಿಗಿನ ಇಲ್ಲಲ್ರೀ."

"ಆಂ?"

"ಹೌದ್ರಿ. ಎಲ್ಲಾ ಚಿತ್ರಾನೂ ನೋಡಿದ್ನಿ. ತಲಿ ಸೀದಾ ಹೆಗಲ ಮ್ಯಾಲ ಕುಂತದ. ಕೊಡದ ಮ್ಯಾಲ ಕಾಯಿ ಇಟ್ಟಂಗ. ಪಾಪ, ಆಕಿ ತಾಳಿ ಎಲ್ಲಿ ಕಟ್ಟಿಕೋಬೇಕ್ರೀ?"

ಸುತ್ತಲಿದ್ದವರು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ಶಕುಂತಲಾ. ರೇಣುಕಾ ನಗಲಿಲ್ಲ. ನನ್ನ ಕೈಯಿಂದಲೇ ಪೆನ್ಸಿಲ್ ತೆಗೆದುಕೊಂಡು ಹಾಳೆಯ ಅಂಚಿನಲ್ಲಿ ಎರಡು ಗೆರೆ ಎಳೆದಳು. "ಗದ್ದದ ಕೆಳಗ ಇಷ್ಟ್ ಜಾಗಾ ಬಿಡ್ರಿ, ಆಮ್ಯಾಲ ಹೆಗಲ ತಗೀರಿ. ನೋಡ್ರಿ, ಹೆಂಗ ಉಸಿರಾಡಾಕ ಹತ್ತಿದ್ಲು. ಕೋಡಬಳಿ ಮಾತ್ರ ಭಾರಿ ಆಗ್ಯಾವ್ರಿ, ಇನ್ನೆರಡ ತಗೋತೀನಿ."

ಮನೆಗೆ ಬಂದು ಮೂರು ದಿನ ನಾನು ಪುಸ್ತಕ ಮುಟ್ಟಲಿಲ್ಲ. ನಿನ್ನೆ ಮೊನ್ನೆ ಬಂದ ಹುಡುಗಿ, ನನ್ನ ಕೋಡುಬಳೆ ತಿಂದು ನನ್ನ ಸೊಸೆಯ ತಾಳಿಯ ಮಾತಾಡುತ್ತಾಳಲ್ಲ! ದೇವರ ಮುಂದೆ ಕೂತರೂ ಅದೇ ಯೋಚನೆ. ನಾಲ್ಕನೆಯ ದಿನ ಹಾಳೆಗಳನ್ನೆಲ್ಲ ಮಂಚದ ಮೇಲೆ ಹರಡಿ ನೋಡಿದೆ. ಒಂದಲ್ಲ, ಎರಡಲ್ಲ, ಅಷ್ಟೂ ತೆಂಗಿನಕಾಯಿ. ಹತ್ತನೆಯ ವಯಸ್ಸಿನಿಂದ ಕಲಶದ ಮೇಲೆ ಮುಖ ಬರೆದ ಕೈ, ಮುಖ ಮುಗಿದ ಕೂಡಲೇ ಕೆಳಗೆ ಮಾವಿನೆಲೆ, ಅದರ ಕೆಳಗೆ ಬಿಂದಿಗೆ ಎಂದುಕೊಂಡೇ ಬರೆಯುತ್ತಿತ್ತು. ದೊಡ್ಡಸೊಸೆಯ ಸೀರೆಯ ಅಂಚು ಕೂಡ ಮಾವಿನೆಲೆ ಜೋಡಿಸಿದ ಹಾಗೇ ಇತ್ತು. ನಗು ಬಂತು. ಆಮೇಲೆ ಗದ್ದದ ಕೆಳಗೆ ಜಾಗ ಬಿಟ್ಟು ಹೊಸದೊಂದು ಬರೆದೆ. ಆ ಹುಡುಗಿ ಹೇಳಿದ್ದು ನಿಜ, ದೊಡ್ಡಸೊಸೆ ಉಸಿರಾಡಿದಳು. ಉಸಿರಾಡಿದ್ದು ಅವಳು, ತಲೆಗೇರಿದ್ದು ನನಗೆ.

ಹೊಸದಾಗಿ ಏಕಾದಶಿ ಹಿಡಿದವರನ್ನು ನೀವು ನೋಡಿದ್ದೀರಲ್ಲ? ತಾವು ಉಪವಾಸ ಇದ್ದರೆ ಸಾಲದು, ಊಟ ಮಾಡುವವರ ಎಲೆಯ ಮುಂದೆ ನಿಂತು ನಿಟ್ಟುಸಿರು ಬಿಡುತ್ತಾರೆ. ನಾನು ಹಾಗಾದೆ. ನಿಜ ಹೇಳುವುದೇ ಸ್ನೇಹ, ಗುಲಾಬಿ ಹಾಕುವುದು ಪಾಪ ಎಂದು ನಿಶ್ಚಯಿಸಿಬಿಟ್ಟೆ. ಸರಿಯಾಗಿ ಆ ಶುಕ್ರವಾರವೇ ಶಕುಂತಲಾ ಒಂದು ಚಿತ್ರ ಹಾಕಿದರು. ದೊಡ್ಡಸೊಸೆ ಎರಡೂ ಕೈಯಲ್ಲಿ ಆರತಿ ತಟ್ಟೆ ಹಿಡಿದಿದ್ದಾಳೆ. ಕೆಳಗೆ ಬರೆದಿದ್ದರು: "ಹದಿನೈದು ದಿನದ ಶ್ರಮ. ನಿಜವಾದ ವಿಮರ್ಶೆಗೆ ಸದಾ ಸ್ವಾಗತ."

ನಾನು ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವಳು. ಗೇಟಿನ ಹತ್ತಿರ ನಿಂತು "ಊಟದ ಹೊತ್ತು, ಊಟ ಮಾಡ್ಕೊಂಡೇ ಹೋಗಿ" ಅಂದರೆ ಚಪ್ಪಲಿ ಹಾಕಿಕೊಂಡು ಹೊರಡಬೇಕು ಎನ್ನುವುದು ನನಗೆ ಗೊತ್ತು. ಒಳಗೆ ಬಂದು ಎಲೆ ಹಾಕಿಸಿಕೊಂಡು ಕೂರುವವನು ದಡ್ಡ. ಆ ದಿನ ಆ ದಡ್ಡತನ ನಾನೇ ಮಾಡಿದೆ. ಶಕುಂತಲಾ ಸ್ವಾಗತ ಎಂದರು, ನಾನು ಹೋಗಿ ಕೂತೆ. ಬಳಗದಲ್ಲಿ, ಎಲ್ಲರ ಎದುರಿಗೆ, ಒಂದರಿಂದ ಒಂಬತ್ತರ ತನಕ ಅಂಕಿ ಹಾಕಿ ಬರೆದೆ. ಒಂದು, ಬೆರಳುಗಳು ಬೆಂಡೆಕಾಯಿಯ ಹಾಗಿವೆ, ಕೆಲವು ಬಲಿತಿವೆ. ಎರಡು, ಒಂದು ಕಣ್ಣು ಜಯನಗರ ನೋಡುತ್ತಿದೆ, ಇನ್ನೊಂದು ಬನಶಂಕರಿ ಬಸ್ ನಿಲ್ದಾಣ ನೋಡುತ್ತಿದೆ. ಮೂರು, ಆರತಿ ತಟ್ಟೆ ಗಾಳಿಯಲ್ಲಿದೆ, ಕೈ ಬೇರೆಲ್ಲೋ ಇದೆ. ಉಳಿದ ಆರು ಹೇಳುವುದಿಲ್ಲ. ಈಗ ಓದಿದರೆ ನನಗೇ ಕಿವಿ ಬಿಸಿಯಾಗುತ್ತದೆ. ಅಷ್ಟು ಸಾಲದೆ, ಫೋನಿನಲ್ಲಿ ಚಿತ್ರದ ಮೇಲೆ ಬಣ್ಣದ ಗೆರೆ ಎಳೆಯಬಹುದು ಎಂದು ಅದೇ ವಾರ ಕಲಿತಿದ್ದೆ. ತಪ್ಪಿರುವ ಕಡೆಯೆಲ್ಲ ಕೆಂಪು ಸೊನ್ನೆ ಸುತ್ತಿ ಕಳಿಸಿದೆ. ಮೂವತ್ತು ವರ್ಷ ಮಕ್ಕಳ ಪುಸ್ತಕಕ್ಕೆ ಕೆಂಪು ಶಾಯಿ ಹಾಕಿದ ಟೀಚರಿಗೆ ಕೆಂಪು ಸೊನ್ನೆ!

ಬಿಳೇಕಹಳ್ಳಿಯ ಹಿರಿಯರು ಮಾತ್ರ ಸಂತೋಷಪಟ್ಟರು. "ಕೊನೆಗೂ ಬಳಗಕ್ಕೆ ಆಳ ಬಂತು" ಎಂದು ಬರೆದರು.  ಅರ್ಧ ಗಂಟೆಯಲ್ಲಿ ಶಕುಂತಲಾ ಬಳಗ ಬಿಟ್ಟಿದ್ದಾರೆ ಎಂದು ಫೋನೇ ಹೇಳಿತು.

ಯಜಮಾನರಿಗೆ ವಿಷಯ ತಿಳಿಸಿದೆ. ಅವರು ಪೇಪರಿನಿಂದ ತಲೆಯೆತ್ತದೆ, "ಸಾರಿಗೆ ಉಪ್ಪು ಒಂಚೂರು ಜಾಸ್ತಿ ಅಂದ್ರೆ ಎರಡು ದಿನ ನನ್ಜೊತೆ ಮಾತು ಬಿಡ್ತೀಯ. ಒಂಬತ್ತು ಪಾಯಿಂಟಾ?" ಅಂದರು.

"ನಿಜ ತಾನೆ ಹೇಳಿದ್ದು?"

"ಉಪ್ಪು ಜಾಸ್ತಿ ಅನ್ನೋದೂ ನಿಜಾನೇ ಆಗಿತ್ತು."

 ಆ ರಾತ್ರಿ ಸಾರಿಗೆ ಉಪ್ಪು ಹಾಕುವುದನ್ನೇ ಮರೆತೆ; ಪುಣ್ಯಾತ್ಮರು ಮಾತಾಡದೆ ಊಟ ಮಾಡಿದರು.

ಶಕುಂತಲಾ ಜೊತೆ ಮಾತು ನಿಂತರೆ ನನಗೆ ಏನು ನಿಲ್ಲುತ್ತದೆ ಎನ್ನುವುದು ಮಂಗಳವಾರ ಗೊತ್ತಾಯಿತು. ಹದಿನಾಲ್ಕು ವರ್ಷದಿಂದ ಪ್ರತಿ ಮಂಗಳವಾರ ರಾಹುಕಾಲದಲ್ಲಿ ಬನಶಂಕರಿ ದೇವಸ್ಥಾನಕ್ಕೆ ಹೋಗಿ ನಾವಿಬ್ಬರೂ ನಿಂಬೆಹಣ್ಣಿನ ದೀಪ ಹಚ್ಚುತ್ತೇವೆ. ನಿಂಬೆಹಣ್ಣು ಹೆಚ್ಚಿ, ರಸ ಹಿಂಡಿ, ತೊಗಟೆಯನ್ನು ಒಳಗಿನದು ಹೊರಗೆ ಬರುವ ಹಾಗೆ ಮಗುಚಿದರೆ ಅದೇ ಹಣತೆ. ನನಗೆ ಹೆಬ್ಬೆರಳಿನ ಗಿಣ್ಣು ನೋವು. ಮಗುಚುವ ಕೆಲಸ ಯಾವಾಗಲೂ ಶಕುಂತಲಾ ಅವರದು, ಎಣ್ಣೆ ಬತ್ತಿ ನನ್ನದು. ಆ ಮಂಗಳವಾರ ಒಬ್ಬಳೇ ಹೋದೆ. ಎಂಟು ತೊಗಟೆಯಲ್ಲಿ ಐದು ಹರಿದವು. ಮೂರು ದೀಪ ಹಚ್ಚಿ, ಇದ್ದಷ್ಟನ್ನೇ ಸ್ವೀಕರಿಸು ತಾಯಿ ಎಂದೆ. ಮುಂದಿನ ಮಂಗಳವಾರ ಶಕುಂತಲಾ ಅಲ್ಲೇ ಇದ್ದರು, ಕಂಬದ ಆಚೆ. ಅವರ ತೊಗಟೆ ಒಂದೂ ಹರಿದಿರಲಿಲ್ಲ, ಆದರೆ ಬತ್ತಿ ನೆಟ್ಟಗೆ ಕೂರದೆ ದೀಪ ಆರಿ ಆರಿ ಹೋಗುತ್ತಿತ್ತು. ಇಬ್ಬರೂ ದೇವಿಯನ್ನು ಮಾತ್ರ ನೋಡಿದೆವು. ಮನೆಗೆ ಬಂದು ಹಿಂಡಿದ ರಸದಲ್ಲಿ ಚಿತ್ರಾನ್ನ ಮಾಡಿದೆ. ಎರಡು ವಾರ ಚಿತ್ರಾನ್ನಕ್ಕೆ ಕೊರತೆಯಾಗಲಿಲ್ಲ, ಅಷ್ಟರ ಮಟ್ಟಿಗೆ ದಯೆ.

ಬಳಗದಲ್ಲಿ ಶುಕ್ರವಾರಗಳು ಬಂದು ಹೋದವು. ಕುತ್ತಿಗೆ ಬಂದ ನನ್ನ ದೊಡ್ಡಸೊಸೆಗೆ ಎಂದಿಗಿಂತ ಹೆಚ್ಚು ಗುಲಾಬಿ ಬಿದ್ದವು. ರೇಣುಕಾ ಆಫೀಸಿನ ಗಡಿಬಿಡಿಯಲ್ಲಿ ಬಳಗದ ಕಡೆ ತಲೆ ಹಾಕಿರಲಿಲ್ಲ; ಉಳಿದವರಲ್ಲಿ ಕುತ್ತಿಗೆ ಬಂದಿದೆ ಎಂದು ಒಬ್ಬರೂ ಗಮನಿಸಿರಲಿಲ್ಲ. ಗಮನಿಸುವವರು ಶಕುಂತಲಾ ಒಬ್ಬರೇ, ಅವರು ಬಳಗದಲ್ಲಿರಲಿಲ್ಲ. ಇದು ನನ್ನನ್ನು ಚುಚ್ಚಿದ ಹಾಗೆ ರೇಣುಕಾಳ ಮಾತೂ ಚುಚ್ಚಿರಲಿಲ್ಲ. ನನ್ನ ಒಂಬತ್ತು ಅಂಕಿಗಳನ್ನು ಮತ್ತೆ ಓದಿದೆ. ಒಂದೂ ಸುಳ್ಳಿರಲಿಲ್ಲ. ಆದರೆ ರೇಣುಕಾ ತಪ್ಪು ತೋರಿಸಿದ ಕೂಡಲೇ ಪೆನ್ಸಿಲ್ ಹಿಡಿದು ಗೆರೆ ಎಳೆದಿದ್ದಳು. ನಾನು ಕೆಂಪು ಸೊನ್ನೆ ಸುತ್ತಿ ಮಜಾ ನೋಡಿದ್ದೆ. ಪಾರ್ಕಿನಲ್ಲಿ ಅವರು ಜೋರಾಗಿ ನಕ್ಕಿದ್ದರಲ್ಲ, ಅದನ್ನೂ ಸೇರಿಸಿ ತೀರಿಸಿಕೊಂಡಿದ್ದೆ. ಇದನ್ನು ದೇವರ ಮುಂದೆ ಒಪ್ಪಿಕೊಂಡ ಮೇಲೆ ನಿಮ್ಮ ಮುಂದೆ ಒಪ್ಪಿಕೊಳ್ಳುವುದಕ್ಕೆ ನಾಚಿಕೆಯಿಲ್ಲ.

ಮೂರನೆಯ ಮಂಗಳವಾರ ಮಧ್ಯಾಹ್ನ ನಿಂಬೆಹಣ್ಣಿನ ಚೀಲ ಹಿಡಿದು ಶಕುಂತಲಾ ಮನೆಯ ಬೆಲ್ ಒತ್ತಿದೆ. ಬಾಗಿಲು ತೆಗೆದರು. ಬನ್ನಿ ಅನ್ನಲಿಲ್ಲ, ಹೋಗಿ ಅಂತಲೂ ಅನ್ನಲಿಲ್ಲ.

"ತೊಗಟೆ ಹರೀತಿದೆ ರೀ" ಅಂದೆ. ಬರುವ ದಾರಿಯಲ್ಲಿ ತಯಾರು ಮಾಡಿಕೊಂಡಿದ್ದ ದೊಡ್ಡ ಮಾತೆಲ್ಲ ಎಲ್ಲಿ ಹೋಯಿತೋ.

ಅವರು ಚೀಲ ತೆಗೆದುಕೊಂಡು ಅಡುಗೆಮನೆಗೆ ಹೋದರು. ಎಂಟು ತೊಗಟೆ, ಒಂದೂ ಹರಿಯದೆ, ಟಪ್ ಟಪ್ ಅಂತ ಮಗುಚಿ ತಟ್ಟೆಯಲ್ಲಿ ಸಾಲಾಗಿ ಇಟ್ಟರು. ನಾನು ಬಾಗಿಲಿಗೆ ಒರಗಿಕೊಂಡು, "ಎಲ್ಲರ ಮುಂದೆ ಬರೀಬಾರದಿತ್ತು. ತಪ್ಪಾಯ್ತು" ಅಂದೆ.

"ಬರೆದಾಗ ಖುಷಿಯಾಯ್ತಾ?"

"ಆಯ್ತು."

"ನಂಗೂ ಆಗ್ತಿತ್ತು, ಮಕ್ಕಳ ಪುಸ್ತಕಕ್ಕೆ ಸೊನ್ನೆ ಹಾಕುವಾಗ" ಎಂದು ಕೈ ತೊಳೆದುಕೊಂಡರು. ಒಳಗೆ ಹೋಗಿ ಒಂದು ಉದ್ದನೆಯ ನೋಟ್‌ಬುಕ್ ತಂದು ನನ್ನ ಮುಂದಿಟ್ಟರು. ತೆರೆದು ನೋಡುತ್ತೇನೆ, ಬರೀ ಕೈ. ಅವರದೇ ಎಡಗೈ. ಮುಷ್ಟಿ ಹಿಡಿದದ್ದು, ಲೋಟ ಹಿಡಿದದ್ದು, ಬಾಗಿಲ ಚಿಲಕ ಹಿಡಿದದ್ದು. ಪುಟದ ಮೇಲೆ ಪುಟ. ಮೊದಲ ಪುಟಗಳಲ್ಲಿ ಬೆಂಡೆಕಾಯಿ. ಹೋಗ್ತಾ ಹೋಗ್ತಾ ಗಿಣ್ಣು ಬಂದಿದೆ, ಉಗುರು ಬಂದಿದೆ, ಬಳೆ ಜಾರಿದ ಕಡೆ ಚರ್ಮ ಮಡಿಚಿಕೊಂಡಿದೆ. ಮಾತು ಬಿಟ್ಟ ಮೂರು ವಾರವೂ ಈಕೆ ಕೂತು ಇದನ್ನೇ ಮಾಡಿದ್ದಾರೆ. ಕೊನೆಯ ಪುಟದಲ್ಲಿ ದೊಡ್ಡಸೊಸೆ, ಆರತಿ ತಟ್ಟೆಯ ಸಮೇತ.

"ಹೇಳಿ. ನಿಜ ಹೇಳಿ."

ಚೆನ್ನಾಗಿತ್ತು. ಎರಡು ಕಣ್ಣೂ ಒಂದೇ ಊರು ನೋಡುತ್ತಿದ್ದವು. ತಟ್ಟೆ ಕೈಯಲ್ಲೇ ಇತ್ತು. ಆದರೆ ತಟ್ಟೆ ಹಿಡಿದ ಎಡಗೈಯಲ್ಲಿ ಹೆಬ್ಬೆರಳು ಇರಬೇಕಾದ ಕಡೆ ಕಿರುಬೆರಳಿತ್ತು, ಕಿರುಬೆರಳಿನ ಕಡೆ ಹೆಬ್ಬೆರಳಿತ್ತು.  ತಾಯಿ ಬನಶಂಕರಿ, ಇದನ್ನು ನನ್ನ ಕಣ್ಣಿಗೆ ಯಾಕೆ ಬೀಳಿಸಿದೆ? ಸೂಪರ್ ಎಂಬ ಮೂರಕ್ಷರ ಹೇಳಿದರೆ ಮುಗಿಯಿತು. ಮಂಗಳವಾರಗಳು ವಾಪಸು ಬರುತ್ತವೆ, ದೀಪಕ್ಕೆ ದೀಪ, ಜೊತೆಗೆ ಜೊತೆ. ಶಕುಂತಲಾ ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದರು. ನಾನು ನನ್ನ ಎಡಗೈಯನ್ನು ಅವರ ಚಿತ್ರದ ಪಕ್ಕ ಇಟ್ಟೆ.

"ಹೆಬ್ಬೆರಳು ಆ ಕಡೆ ಹೋಗಿದೆ ರೀ" ಅಂದೆ. 

"ಗೊತ್ತು" ಅಂದರು. "ನಿನ್ನೆ ಬೇಕೂಂತ್ಲೇ ಅಳಿಸಿ ಆ ಕಡೆ ಬರ್ದೆ. ಇವತ್ತಲ್ಲ ನಾಳೆ ಬರ್ತೀರ ಅಂತ ಗೊತ್ತಿತ್ತು. ಸೂಪರ್ ಅಂದಿದ್ರೆ ನಿಂಬೆಹಣ್ಣು ಕೊಟ್ಟು ಕಳಿಸ್ಬಿಡ್ತಿದ್ದೆ."

 ಅವರು ಆಗಲೇ ಚಪ್ಪಲಿ ಹುಡುಕುತ್ತಿದ್ದರು. "ನಡೀರಿ, ರಾಹುಕಾಲ ಮುಗಿದುಹೋಗತ್ತೆ. ಈಗ ನಿಮ್ದು ಶುರು ಮಾಡೋಣ. ಬಳಗ ಬಿಟ್ರೆ ನೋಡಲ್ಲ ಅಂದ್ಕೊಂಡ್ರಾ? ಪ್ರತಿ ಶುಕ್ರವಾರ ನಿಮ್ಮ ಯಜಮಾನ್ರ ಹತ್ರ ಕಳಿಸ್ಕೊಂಡು ನೋಡಿದೀನಿ. ಕುತ್ತಿಗೆ ಬಂತು, ಸಂತೋಷ. ಒಂದನೇದು, ಆ ಕೈ ಸೆರಗಿಂದ ಆಚೆಗೆ ಯಾವಾಗ ಬರತ್ತೆ?"

ಕನಕಪುರ ರಸ್ತೆಯಲ್ಲಿ ಆಟೊ ತೆವಳುತ್ತಿತ್ತು, ಶಕುಂತಲಾ ತೆವಳಲಿಲ್ಲ. ದೇವಸ್ಥಾನ ಬರುವಷ್ಟರಲ್ಲಿ ಏಳನೆಯ ತಪ್ಪಿಗೆ ಬಂದಿದ್ದರು. ಆರನ್ನು ನಾನು ಬಾಯಿ ಮುಚ್ಚಿಕೊಂಡು ಒಪ್ಪಿಕೊಂಡೆ. ಏಳನೆಯದು, ನನ್ನ ದೊಡ್ಡಸೊಸೆಯ ಮೂಗು ಸೊಟ್ಟ ಎನ್ನುವುದು, ಶುದ್ಧ ಸುಳ್ಳು. ಆಟೊ ಇಳಿದು, ಕಾಲು ತೊಳೆದು, ದೀಪಕ್ಕೆ ಎಣ್ಣೆ ಹಾಕುವವರೆಗೂ ಅದಕ್ಕೆ ಜಗಳ ಆಡಿದೆವು. ಪಕ್ಕದಲ್ಲಿ ಕೂತಿದ್ದ ಹೆಂಗಸು, "ದೇವಸ್ಥಾನ ಕಣ್ರೀ, ಮೆಲ್ಲಗೆ" ಅಂದರು. ಮೆಲ್ಲಗೆ ಆಡಿದೆವು.